ಹೊತ್ತಿಗೆ ಬರುವ ಬಸ್ಸು
ನಗರ ಸಾರಿಗೆಯ ಪರಿಸರ ಹೊಣೆ ಮತ್ತು ಸಾಮಾಜಿಕ ಹೊಣೆ: ದತ್ತಿ ಉಪನ್ಯಾಸದ ಬರಹರೂಪ



ಈ ವರ್ಷದ ಉಪನ್ಯಾಸಕ್ಕೆ ಸಂಘಟಕರು ಸೂಚಿಸಿದ ವಿಷಯದಲ್ಲಿ ಎರಡು ದೊಡ್ಡ ಮಾತುಗಳಿವೆ. ಒಂದು ಸುಸ್ಥಿರತೆ, ಇನ್ನೊಂದು ಸಾಮಾಜಿಕ ಹೊಣೆಗಾರಿಕೆ. ಈಗ ಯಾವ ಸಂಸ್ಥೆಯ ವಾರ್ಷಿಕ ವರದಿ ತೆರೆದರೂ ಇವೆರಡಕ್ಕೂ ಒಂದೊಂದು ಅಧ್ಯಾಯ ಇರುತ್ತದೆ. ಮೊದಲನೆಯದರಲ್ಲಿ ಗಿಡ ನೆಟ್ಟ ಫೋಟೊ, ಎರಡನೆಯದರಲ್ಲಿ ಶಾಲಾ ಮಕ್ಕಳಿಗೆ ಚೀಲ ಹಂಚಿದ ಫೋಟೊ. ನಗರದ ಬಸ್ ಸಂಸ್ಥೆಯೊಂದಕ್ಕೆ ಈ ಎರಡು ಅಧ್ಯಾಯಗಳು ಬೇಕೇ ಇಲ್ಲ ಎಂಬುದು ನನ್ನ ವಾದ. ಅದರ ಪರಿಸರದ ಹೊಣೆಯೂ ಸಮಾಜದ ಹೊಣೆಯೂ ಒಂದೇ ಕೆಲಸದಲ್ಲಿ ಅಡಗಿವೆ. ಬಸ್ಸು ಹೊತ್ತಿಗೆ ಬರಬೇಕು, ಮತ್ತೆ ಮತ್ತೆ ಬರಬೇಕು. ಇದು ಆಗದೆ ಉಳಿದದ್ದೆಲ್ಲ ಆದರೂ ಅದು ಊಟಕ್ಕಿಲ್ಲದ ಉಪ್ಪಿನಕಾಯಿ.

ಮಾತು ಗಾಳಿಯಲ್ಲಿ ತೇಲಬಾರದೆಂದು ನಮಗೆಲ್ಲ ಗೊತ್ತಿರುವ ಒಂದು ಸಂಸ್ಥೆಯನ್ನೇ ಎದುರಿಗಿಟ್ಟುಕೊಳ್ಳುತ್ತೇನೆ. ಅದು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ, ನಮ್ಮ ಬಿಎಂಟಿಸಿ.

1. ಕಾನೂನು ಹೇಳುವ ಎರಡು ಮಾತು

2013ರ ಕಂಪನಿ ಕಾಯ್ದೆಯ 135ನೇ ಕಲಂ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು ಎನ್ನುತ್ತದೆ. ಅಂದರೆ ಮೊದಲು ಲಾಭ, ಆಮೇಲೆ ಹೊಣೆ. ಬಿಎಂಟಿಸಿ ಈ ಕಾಯ್ದೆಯ ಕೆಳಗೆ ಹುಟ್ಟಿದ ಕಂಪನಿಯಲ್ಲ. ಅದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಕೂಸು. ಆ ಕಾಯ್ದೆಯಲ್ಲಿ ಹೊಣೆಯೇ ಮೊದಲು ಬರುತ್ತದೆ. ದಕ್ಷವಾದ, ಸಾಕಷ್ಟಿರುವ, ಕೈಗೆಟಕುವ, ಒಂದಕ್ಕೊಂದು ಹೊಂದಿಕೊಂಡ ಸಾರಿಗೆಯನ್ನು ಒದಗಿಸುವುದು ನಿಗಮದ ಕರ್ತವ್ಯ ಎಂದು 18ನೇ ಕಲಂ ಹೇಳುತ್ತದೆ. ಮುಂದೆ 22ನೇ ಕಲಂಗೆ ಬಂದರೆ, ನಿಗಮವು ವ್ಯವಹಾರದ ತತ್ವಗಳ ಮೇಲೆ ನಡೆಯಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. 34ನೇ ಕಲಂ ರಾಜ್ಯ ಸರ್ಕಾರಕ್ಕೆ ನಿರ್ದೇಶನ ಕೊಡುವ ಅಧಿಕಾರ ಕೊಡುತ್ತದೆ.

ಈ ಮೂರು ಕಲಂಗಳನ್ನು ಒಟ್ಟಿಗೆ ಓದಿದರೆ ನಮ್ಮ ಸಾರಿಗೆ ನಿಗಮಗಳ ಎಪ್ಪತ್ತೈದು ವರ್ಷಗಳ ಕಷ್ಟವೆಲ್ಲ ಅರ್ಥವಾಗುತ್ತದೆ. ಎಲ್ಲರನ್ನೂ ಹತ್ತಿಸಿಕೊ, ವ್ಯಾಪಾರಿಯಂತೆ ನಡೆದುಕೊ, ಸರ್ಕಾರ ಹೇಳಿದ್ದನ್ನು ಕೇಳು. ದರ ಏರಿಸಬೇಕೆಂದರೆ ಸರ್ಕಾರದ ಒಪ್ಪಿಗೆ ಬೇಕು, ಆದರೆ ಡೀಸೆಲ್ ದರ ಯಾರನ್ನೂ ಕೇಳದೆ ಏರುತ್ತದೆ. 2022ರಲ್ಲಿ ಸಗಟು ಡೀಸೆಲ್ ಬೆಲೆ ಚಿಲ್ಲರೆ ಬೆಲೆಯನ್ನು ಮೀರಿ ಜಿಗಿದಾಗ ನಿಗಮದ ಬಸ್ಸುಗಳು ತಮ್ಮ ಡಿಪೋ ಬಂಕುಗಳನ್ನು ಬಿಟ್ಟು ರಸ್ತೆ ಬದಿಯ ಪೆಟ್ರೋಲ್ ಬಂಕುಗಳಲ್ಲಿ ಕಾರು, ಸ್ಕೂಟರುಗಳ ಜೊತೆ ಸಾಲು ನಿಲ್ಲಬೇಕಾಯಿತು. ಸಗಟಿನಲ್ಲಿ ಕೊಳ್ಳುವವರಿಗೇ ಹೆಚ್ಚು ಬೆಲೆ ಬಿದ್ದ ವಿಚಿತ್ರ ಕಾಲ ಅದು.

2. ಬಿಟಿಸಿಯಿಂದ ಬಿಎಂಟಿಸಿವರೆಗೆ

ಬೆಂಗಳೂರಿನ ಬಸ್ ಸೇವೆ ಹುಟ್ಟಿದ್ದು ಖಾಸಗಿ ಉದ್ಯಮವಾಗಿ. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಬಂತು, 1956ರಲ್ಲಿ ಅದು ರಾಷ್ಟ್ರೀಕರಣವಾಯಿತು. ಇತ್ತ ಮೈಸೂರು ಸಂಸ್ಥಾನದಲ್ಲಿ 1948ರಲ್ಲಿ ಸರ್ಕಾರಿ ರಸ್ತೆ ಸಾರಿಗೆ ಇಲಾಖೆ ಶುರುವಾಗಿತ್ತು. 1961ರಲ್ಲಿ ಅದು ನಿಗಮವಾಯಿತು. ನಗರದ ಬಸ್ಸುಗಳು ಬಿಟಿಎಸ್ ಎಂಬ ಹೆಸರಿನಲ್ಲಿ ಓಡಿದವು. ಇವತ್ತಿಗೂ ಮಲ್ಲೇಶ್ವರದ, ಬಸವನಗುಡಿಯ ಹಿರಿಯರ ಬಾಯಲ್ಲಿ ಅದು ಬಿಟಿಎಸ್ ಬಸ್ಸೇ. 1997ರ ಆಗಸ್ಟ್ 15ರಂದು ನಗರ ವಿಭಾಗ ಕೆಎಸ್‌ಆರ್‌ಟಿಸಿಯಿಂದ ಬೇರ್ಪಟ್ಟು ಬಿಎಂಟಿಸಿಯಾಯಿತು.

ಬೇರೆಯಾದ ಮೊದಲ ಹದಿನೈದು ವರ್ಷಗಳಲ್ಲಿ ಈ ಸಂಸ್ಥೆ ದೇಶಕ್ಕೆ ಅಚ್ಚರಿ ಹುಟ್ಟಿಸಿತು. ನಗರ ಸಾರಿಗೆ ಎಂದರೆ ನಷ್ಟ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅದು ಲಾಭ ತೋರಿಸಿತು. 2006ರಲ್ಲಿ ವೋಲ್ವೊ ಬಸ್ಸುಗಳ ವಜ್ರ ಸೇವೆ ಬಂತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಾಗ ವಾಯುವಜ್ರ ಹೊರಟಿತು. 2010ರ ಫೆಬ್ರವರಿ 4ರಿಂದ ಪ್ರತಿ ತಿಂಗಳ 4ನೇ ತಾರೀಖನ್ನು ಬಸ್ ದಿನವಾಗಿ ಆಚರಿಸಿ, ಕಾರು ಬಿಟ್ಟು ಬನ್ನಿ ಎಂದು ಸಂಸ್ಥೆ ಜನರನ್ನು ಕರೆಯಿತು. ಶಾಂತಿನಗರ, ಜಯನಗರ, ವಿಜಯನಗರ, ಯಶವಂತಪುರ, ದೊಮ್ಮಲೂರುಗಳಲ್ಲಿ ನಿಲ್ದಾಣದ ಮೇಲೆ ಮಹಡಿ ಕಟ್ಟಿ ಬಾಡಿಗೆಗೆ ಕೊಡುವ ಟಿಟಿಎಂಸಿ ಕಟ್ಟಡಗಳು ಎದ್ದವು. ಬಾಡಿಗೆಯಿಂದ ಬಸ್ ಓಡಿಸುವುದು ಅಲ್ಲಿನ ಆಲೋಚನೆ. ಕೆಲವು ಕಡೆ ಬಾಡಿಗೆದಾರರು ಬಂದರು, ಕೆಲವು ಕಡೆ ಮಹಡಿಗಳು ಖಾಲಿ ಉಳಿದವು.

ಆಮೇಲಿನ ಹತ್ತು ವರ್ಷ ನಗರ ಉಬ್ಬಿತು, ಬಸ್ಸಿನ ಸಂಖ್ಯೆ ಆರೇಳು ಸಾವಿರದ ನಡುವೆಯೇ ನಿಂತಿತು. ಒಂದು ಕಾಲಕ್ಕೆ ದಿನಕ್ಕೆ 50 ಲಕ್ಷದ ಆಸುಪಾಸಿನಲ್ಲಿದ್ದ ಪ್ರಯಾಣಿಕರು ಕೋವಿಡ್ ಬರುವ ಮೊದಲೇ ಇಳಿಮುಖವಾಗಿದ್ದರು. ಆ ಹತ್ತು ವರ್ಷ ಮುಗಿಯುವ ಹೊತ್ತಿಗೆ ನಗರದ ನೋಂದಾಯಿತ ವಾಹನಗಳು 1 ಕೋಟಿ ದಾಟಿದವು. ಬಸ್ಸು ಬಿಟ್ಟವರು ಎಲ್ಲಿಗೆ ಹೋದರು ಎಂಬ ಪ್ರಶ್ನೆಗೆ ಈ ಅಂಕಿಯೇ ಉತ್ತರ.

3. ಹೊಗೆಯ ಲೆಕ್ಕ

ಈಗ ಪರಿಸರದ ಮಾತಿಗೆ ಬರೋಣ. ವಿದ್ಯಾರ್ಥಿಗಳು ಬೇಕಾದರೆ ಚೀಟಿಯಲ್ಲಿ ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬೆಂಗಳೂರಿನ ದಟ್ಟಣೆಯಲ್ಲಿ ಸಾಮಾನ್ಯ ಬಸ್ಸು ಲೀಟರಿಗೆ ನಾಲ್ಕು ಕಿಲೋಮೀಟರಿನ ಆಸುಪಾಸು ಓಡುತ್ತದೆ ಎನ್ನಿ. ಡಿಪೋದಲ್ಲಿ ಇದನ್ನು ಕೆಎಂಪಿಎಲ್ ಎನ್ನುತ್ತಾರೆ. ಹಾಗಾದರೆ ಪ್ರತಿ ಕಿಲೋಮೀಟರಿಗೆ 670 ಗ್ರಾಮಿನಷ್ಟು. ಬಸ್ಸಿನಲ್ಲಿ 40 ಜನ ಇದ್ದರೆ ತಲೆಗೆ 17 ಗ್ರಾಂ. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರಿನಲ್ಲಿ ಒಬ್ಬರೇ ಹೋದರೆ ಸುಮಾರು 50 ಗ್ರಾಂ. 12 ಕಿಲೋಮೀಟರ್ ಕೊಡುವ ಕಾರಿನಲ್ಲಿ ಒಬ್ಬರೇ ಕೂತರೆ 190 ಗ್ರಾಂ.

ಇಲ್ಲಿಯವರೆಗೆ ಬಸ್ಸು ಗೆದ್ದಿತು. ಆದರೆ ಅದೇ ಬಸ್ಸಿನಲ್ಲಿ ಹತ್ತೇ ಜನ ಕೂತಿದ್ದರೆ? ತಲೆಗೆ 67 ಗ್ರಾಂ. ಸ್ಕೂಟರಿಗಿಂತ ಕಡೆ. ಡೀಸೆಲ್ ಬಸ್ಸು ತಾನಾಗಿ ಪರಿಸರಸ್ನೇಹಿಯಲ್ಲ, ಅದರೊಳಗೆ ಕೂತ ಜನ ಅದನ್ನು ಹಾಗೆ ಮಾಡುತ್ತಾರೆ.

ಎಲೆಕ್ಟ್ರಿಕ್ ಬಸ್ಸಿಗೂ ಇದೇ ಮಾತು ಹೊಂದುತ್ತದೆ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಹನ್ನೆರಡು ಮೀಟರ್ ಉದ್ದದ ಬಸ್ಸಿಗೆ ಕಿಲೋಮೀಟರಿಗೆ ಒಂದು ಯೂನಿಟ್ ಅಥವಾ ಸ್ವಲ್ಪ ಹೆಚ್ಚು ವಿದ್ಯುತ್ ಬೇಕು. ದೇಶದ ಸರಾಸರಿ ತೆಗೆದುಕೊಂಡರೆ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ 700 ಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಇದೆ, ಏಕೆಂದರೆ ನಮ್ಮ ವಿದ್ಯುತ್ತಿನ ದೊಡ್ಡ ಪಾಲು ಕಲ್ಲಿದ್ದಲಿನದು. ಅಂದರೆ ಬರೀ ಇಂಗಾಲದ ಲೆಕ್ಕದಲ್ಲಿ ಎರಡೂ ಬಸ್ಸು ಹತ್ತಿರ ಹತ್ತಿರ ನಿಲ್ಲುತ್ತವೆ. ಎಲೆಕ್ಟ್ರಿಕ್ ಬಸ್ಸು ಸ್ಪಷ್ಟವಾಗಿ ಗೆಲ್ಲುವುದು ಬೇರೆ ಕಡೆ. ಅದರ ಹಿಂದೆ ಹೊಗೆಯ ಕೊಳವೆ ಇಲ್ಲ. ಮೆಜೆಸ್ಟಿಕ್‌ನಲ್ಲಿ ದಿನಕ್ಕೆ ಎಂಟು ಗಂಟೆ ನಿಂತು ಕಡಲೆಕಾಯಿ ಮಾರುವವರ, ಟ್ರಾಫಿಕ್ ಪೊಲೀಸರ, ಹಿಂದಿನ ಸ್ಕೂಟರಿನಲ್ಲಿ ಕೂತ ಮಗುವಿನ ಶ್ವಾಸಕೋಶಕ್ಕೆ ಅದರಿಂದ ಆಗುವ ಉಪಕಾರ ನೇರವಾದದ್ದು.

ಇಂಗಾಲದ ಲೆಕ್ಕದಲ್ಲಿಯೂ ಗೆಲ್ಲಬೇಕೆಂದರೆ ಕರ್ನಾಟಕಕ್ಕೆ ಒಂದು ಅನುಕೂಲವಿದೆ. ನಮ್ಮ ಸ್ಥಾಪಿತ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚು ಪಾಲು ಜಲ, ಗಾಳಿ ಮತ್ತು ಸೂರ್ಯನದು. ಶರಾವತಿಯ 1,035 ಮೆಗಾವ್ಯಾಟ್, ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ನಮ್ಮಲ್ಲೇ ಇವೆ. ಆದರೆ ಬಸ್ಸುಗಳು ಡಿಪೋಗೆ ಮರಳಿ ಚಾರ್ಜಿಗೆ ನಿಲ್ಲುವುದು ರಾತ್ರಿ, ಸೂರ್ಯನ ವಿದ್ಯುತ್ ಬರುವುದು ಹಗಲು. ನಗರ ಬಸ್ಸಿಗೆ ಹಗಲಲ್ಲೂ ಒಂದು ಬಿಡುವು ಇದೆ. ಬೆಳಗಿನ ಆಫೀಸು ಹೊತ್ತು ಮುಗಿದ ಮೇಲೆ ಹನ್ನೊಂದರಿಂದ ಮೂರರವರೆಗೆ ಎಷ್ಟೋ ಶೆಡ್ಯೂಲುಗಳು ವಿರಾಮದಲ್ಲಿರುತ್ತವೆ, ಸೂರ್ಯ ನೆತ್ತಿಯ ಮೇಲಿರುವ ಹೊತ್ತೂ ಅದೇ. ಟರ್ಮಿನಲ್‌ಗಳಲ್ಲಿ ಮಧ್ಯಾಹ್ನದ ಚಾರ್ಜಿಂಗ್ ಸೌಕರ್ಯ ಮಾಡಿದರೆ ಬೆಂಗಳೂರಿನ ಬಸ್ಸು ಪಾವಗಡದ ಬಿಸಿಲಿನಲ್ಲಿ ಓಡಬಹುದು. ಗಿಡ ನೆಡುವುದಕ್ಕಿಂತ ಇದು ದೊಡ್ಡ ಪರಿಸರ ಕಾರ್ಯ. ಇದಕ್ಕೆ ಬೇಕಾದದ್ದು ಶೆಡ್ಯೂಲು ಬರೆಯುವವರು ಮತ್ತು ವಿದ್ಯುತ್ ಕಂಪನಿಯವರು ಒಂದು ಮೇಜಿನ ಸುತ್ತ ಕೂರುವುದು.

4. ಬಸ್ಸು ಯಾರದು, ಡ್ರೈವರ್ ಯಾರವರು?

ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಬಸ್ಸಿನ ಪ್ರಯೋಗ ಹಳೆಯದು. 2014ರಲ್ಲೇ ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಒಂದು ಬಸ್ಸು ಕೆಲವು ತಿಂಗಳು ಓಡಿತ್ತು. ಅದರ ಬೆಲೆ ಕೇಳಿ ಎಲ್ಲರೂ ಸುಮ್ಮನಾದರು. ನಿಜವಾದ ಬದಲಾವಣೆ 2021ರ ಕೊನೆಯಲ್ಲಿ 90 ಮೆಟ್ರೋ ಫೀಡರ್ ಬಸ್ಸುಗಳ ಯೋಜನೆಯಿಂದ ಶುರುವಾಯಿತು. 2022ರಲ್ಲಿ 300 ಬಸ್ಸುಗಳ ಕಂತು, 2023ರ ಡಿಸೆಂಬರಿನಿಂದ 921 ಬಸ್ಸುಗಳ ಕಂತು ಬಂದವು. 2025ರಲ್ಲಿ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯ 10,900 ಬಸ್ಸುಗಳಲ್ಲಿ 4,500 ಬೆಂಗಳೂರಿಗೆ ಎಂದು ಪ್ರಕಟವಾಯಿತು.

ಈ ಬಸ್ಸುಗಳನ್ನು ಸಂಸ್ಥೆ ಕೊಳ್ಳುವುದಿಲ್ಲ. ಇಲ್ಲಿನ ಪದ್ಧತಿಗೆ ಜಿಸಿಸಿ ಎನ್ನುತ್ತಾರೆ. ಬಸ್ಸು, ಬ್ಯಾಟರಿ, ರಿಪೇರಿ, ಡ್ರೈವರ್ ಎಲ್ಲ ಖಾಸಗಿ ಕಂಪನಿಯದು. ಸಂಸ್ಥೆ ಓಡಿದ ಕಿಲೋಮೀಟರಿಗೆ ಇಂತಿಷ್ಟು ಎಂದು ಹಣ ಕೊಡುತ್ತದೆ. ದರ, ಮಾರ್ಗ, ಟಿಕೆಟ್ ಹಣ ಸಂಸ್ಥೆಯವು, ಕಂಡಕ್ಟರ್ ಸಂಸ್ಥೆಯವರು. ಒಂದೇ ಸಲ ಕೋಟ್ಯಂತರ ರೂಪಾಯಿ ಹೂಡಬೇಕಿಲ್ಲ, ಬ್ಯಾಟರಿ ಹಾಳಾದರೆ ತಲೆನೋವು ಕಂಪನಿಗೆ. ದುಡ್ಡಿಲ್ಲದ ಸಂಸ್ಥೆಗೆ ಇದು ಜಾಣ ವ್ಯವಸ್ಥೆಯೇ.

ಆದರೆ ಸಾಮಾಜಿಕ ಹೊಣೆಯನ್ನೂ ಕಿಲೋಮೀಟರ್ ಲೆಕ್ಕದಲ್ಲಿ ಗುತ್ತಿಗೆಗೆ ಕೊಡಬಹುದೇ? ಒಂದೇ ಬಸ್ಸಿನಲ್ಲಿ ಮುಂದೆ ಕೂತ ಡ್ರೈವರಿಗೆ ಒಂದು ಸಂಬಳ, ಒಂದು ರಜೆ ನಿಯಮ. ಹಿಂದೆ ನಿಂತ ಕಂಡಕ್ಟರಿಗೆ ಇನ್ನೊಂದು. ಪ್ರಯಾಣಿಕರಿಗೆ ಇಬ್ಬರೂ ಬಿಎಂಟಿಸಿಯವರೇ. ಗುತ್ತಿಗೆ ಡ್ರೈವರುಗಳು ಸಂಬಳ, ಸೌಲಭ್ಯ ಕೇಳಿ ಕೆಲಸ ನಿಲ್ಲಿಸಿದ ದಿನ ನಿಲ್ದಾಣದಲ್ಲಿ ನಿಂತವರಿಗೆ ಗುತ್ತಿಗೆಯ ಷರತ್ತು ಗೊತ್ತಿರುವುದಿಲ್ಲ, ಬಸ್ಸು ಬರಲಿಲ್ಲ ಎಂಬುದಷ್ಟೇ ಗೊತ್ತು. ಸದ್ದಿಲ್ಲದೆ ಬರುವ, ಥಟ್ಟನೆ ವೇಗ ಪಡೆಯುವ ಈ ಬಸ್ಸುಗಳ ಅಪಘಾತಗಳು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಸುದ್ದಿಯಾಗಿವೆ. ತರಬೇತಿ, ವಿಶ್ರಾಂತಿ, ನ್ಯಾಯವಾದ ಸಂಬಳ ಇವು ಟೆಂಡರಿನಲ್ಲೇ ಬರೆದಿರಬೇಕು, ದಂಡದ ಷರತ್ತಿನಷ್ಟೇ ಸ್ಪಷ್ಟವಾಗಿ. ಕಿಲೋಮೀಟರಿಗೆ ಐವತ್ತು ಪೈಸೆ ಹೆಚ್ಚಾದರೂ ಅದು ಹಸಿರಿನ ಬೆಲೆಯೇ ಎಂದು ಒಪ್ಪಿಕೊಳ್ಳಬೇಕು.

5. ಕಾಯುವುದೂ ಒಂದು ಟಿಕೆಟ್ಟು

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದ ಮಹಿಳೆಯರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ನಾಲ್ಕೂ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಟಿಕೆಟ್. ಆ ಟಿಕೆಟಿನ ಬೆಲೆಯನ್ನು ಸರ್ಕಾರ ನಿಗಮಕ್ಕೆ ಕೊಡಬೇಕು. 2025ರ ಜುಲೈ ಹೊತ್ತಿಗೆ ಇಂಥ ಪ್ರಯಾಣಗಳು 500 ಕೋಟಿ ಮುಟ್ಟಿದವು. ದೆಹಲಿ 2019ರಲ್ಲಿ, ತಮಿಳುನಾಡು 2021ರಲ್ಲಿ ಈ ದಾರಿ ಹಿಡಿದಿದ್ದವು.

ಇದರ ಬಗ್ಗೆ ಎರಡು ಕಡೆಯ ಕೂಗೂ ನಮ್ಮ ಕಿವಿಗೆ ಬಿದ್ದಿದೆ. ನಾನು ನೋಡುವುದು ಹೀಗೆ. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಗಳು ಮೊದಲು ಬಸ್ ದುಡ್ಡು ಉಳಿಸಲು ಕಾರ್ಖಾನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಮನೆ ಮಾಡಬೇಕಿತ್ತು, ಅಲ್ಲಿ ಬಾಡಿಗೆ ಎಷ್ಟೇ ಇರಲಿ. ಈಗ ಅವಳು ನಾಲ್ಕು ಸ್ಟಾಪು ಆಚೆ ಮನೆ ನೋಡಬಹುದು, ಎರಡು ರೂಪಾಯಿ ಹೆಚ್ಚು ಕೊಡುವ ಇನ್ನೊಂದು ಕಾರ್ಖಾನೆಗೆ ಹೋಗಬಹುದು. ತನ್ನ ದುಡಿಮೆಯನ್ನು ಎಲ್ಲಿ ಮಾರಬೇಕೆಂದು ಆಯ್ದುಕೊಳ್ಳುವ ಈ ಬಲವೇ ಯೋಜನೆಯ ಹೆಸರಿಗೆ ತಕ್ಕ ಫಲ.

ಅಷ್ಟು ಹೇಳಿದ ಮೇಲೆ ಇನ್ನೆರಡು ಮಾತು. ಮೊದಲನೆಯದು, ಅಸ್ಸಾಮಿನಿಂದ, ಒಡಿಶಾದಿಂದ ಬಂದು ಅದೇ ಕಾರ್ಖಾನೆಯಲ್ಲಿ ಪಕ್ಕದ ಮೆಷಿನ್ನಿನಲ್ಲಿ ಹೊಲಿಯುವ ಹುಡುಗಿಯ ಆಧಾರ್ ಕಾರ್ಡಿನಲ್ಲಿ ಅವಳ ಊರಿನ ವಿಳಾಸವೇ ಇದ್ದರೆ ಅವಳು ದುಡ್ಡು ಕೊಡಬೇಕು. ಯೋಜನೆಯ ಹೊರಗೆ ಉಳಿದವರಲ್ಲಿ ಹೆಚ್ಚು ಬಡವರೂ ಇದ್ದಾರೆ ಎಂಬುದು ನೆನಪಿರಲಿ. ಎರಡನೆಯದು ಇನ್ನೂ ಮುಖ್ಯ. ದರ ಸೊನ್ನೆಯಾದ ಮಾತ್ರಕ್ಕೆ ಪ್ರಯಾಣ ಪುಕ್ಕಟೆಯಾಗುವುದಿಲ್ಲ. ಮುಕ್ಕಾಲು ಗಂಟೆ ಕಾದು, ನೂಕುನುಗ್ಗಲಿನಲ್ಲಿ ಫುಟ್‌ಬೋರ್ಡ್ ಮೇಲೆ ನಿಂತು ಹೋದವಳು ಆ ಹೊತ್ತನ್ನು ತನ್ನ ನಿದ್ದೆಯಿಂದಲೋ ಮಕ್ಕಳ ಊಟದ ಹೊತ್ತಿನಿಂದಲೋ ತೆತ್ತಿರುತ್ತಾಳೆ. ಕಾಯುವುದೂ ಒಂದು ಟಿಕೆಟ್ಟು, ಅದಕ್ಕೆ ರಿಯಾಯಿತಿ ಪಾಸಿಲ್ಲ. ಶಕ್ತಿ ಬಂದ ಮೇಲೆ ಏರಿದ ಪ್ರಯಾಣಿಕರಿಗೆ ತಕ್ಕಂತೆ ಟ್ರಿಪ್ ಏರದಿದ್ದರೆ ಸರ್ಕಾರ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಹಿಂತೆಗೆದುಕೊಂಡಂತೆ.

ಇಲ್ಲಿ ಡಿಪೋದ ಇನ್ನೊಂದು ಮಾತನ್ನು ಪರಿಚಯಿಸುತ್ತೇನೆ. ಇಪಿಕೆಎಂ, ಅಂದರೆ ಬಸ್ಸು ಓಡಿದ ಪ್ರತಿ ಕಿಲೋಮೀಟರಿಗೆ ಬಂದ ಗಳಿಕೆ. ಡಿಪೋ ಮ್ಯಾನೇಜರು ಬೆಳಿಗ್ಗೆ ಎದ್ದು ನೋಡುವ ಅಂಕಿ ಇದು. ಇಪಿಕೆಎಂ ಕಡಿಮೆ ಬಂದ ಟ್ರಿಪ್ಪಿಗೆ ಕತ್ತರಿ ಬೀಳುತ್ತದೆ. ರಾತ್ರಿ ಒಂಬತ್ತೂವರೆಯ ಟ್ರಿಪ್ಪಿನಲ್ಲಿ ಜನ ಇಲ್ಲ ಎಂದು ಅದನ್ನು ಕಡಿದರೆ, ಒಂಬತ್ತೂವರೆಗೆ ಬಸ್ಸಿಲ್ಲ ಎಂದು ತಿಳಿದವರು ಬೆಳಗಿನ ಬಸ್ಸನ್ನೂ ಬಿಡುತ್ತಾರೆ, ಮರಳಿ ಬರುವ ಭರವಸೆ ಇಲ್ಲದ ದಾರಿಯಲ್ಲಿ ಯಾರು ಹೊರಡುತ್ತಾರೆ? ಅವರು ಸಾಲ ಮಾಡಿ ಸ್ಕೂಟರ್ ಕೊಳ್ಳುತ್ತಾರೆ. ಒಮ್ಮೆ ಇಎಂಐ ಕಟ್ಟಲು ಶುರು ಮಾಡಿದವರು ಸುಲಭಕ್ಕೆ ಬಸ್ಸಿಗೆ ವಾಪಸಾಗುವುದಿಲ್ಲ. ಕಡಿದ ಟ್ರಿಪ್ಪಿನ ನಷ್ಟ ಮರುದಿನದ ಇಪಿಕೆಎಂನಲ್ಲಿ ಕಾಣುವುದಿಲ್ಲ, ಐದು ವರ್ಷದ ಮೇಲೆ ರಸ್ತೆಯಲ್ಲಿ ಕಾಣುತ್ತದೆ.

ಆನೇಕಲ್, ಹೊಸಕೋಟೆ, ದೇವನಹಳ್ಳಿ ಕಡೆಯ ಹಳ್ಳಿಗಳಲ್ಲಿ ರಾತ್ರಿ ತಂಗಿ ನಸುಕಿನಲ್ಲಿ ಹೊರಡುವ ನೈಟ್ ಹಾಲ್ಟ್ ಬಸ್ಸುಗಳನ್ನು ಈ ಅಂಕಿಯಿಂದ ಅಳೆದರೆ ಒಂದೂ ಉಳಿಯುವುದಿಲ್ಲ. ಆದರೆ ಕೆ.ಆರ್. ಮಾರ್ಕೆಟ್ಟಿಗೆ ಹೂವಿನ ಮೂಟೆ, ಸೊಪ್ಪಿನ ಕಟ್ಟು ತರುವವರಿಗೆ, ಬೆಳಕು ಹರಿಯುವ ಮೊದಲೇ ಪೊರಕೆ ಹಿಡಿಯಬೇಕಾದ ಪೌರಕಾರ್ಮಿಕರಿಗೆ ಬೇರೆ ದಾರಿಯಿಲ್ಲ. 18ನೇ ಕಲಂ ಬರೆದವರ ಮನಸ್ಸಿನಲ್ಲಿ ಇದ್ದದ್ದು ಇಂಥ ಬಸ್ಸುಗಳೇ ಇರಬೇಕು.

6. ಮೆಟ್ಟಿಲು

ಸಾಮಾಜಿಕ ನ್ಯಾಯವನ್ನು ಸೆಂಟಿಮೀಟರಿನಲ್ಲಿ ಅಳೆಯಬಹುದಾದ ಒಂದು ಜಾಗ ಬಸ್ಸಿನ ಬಾಗಿಲು. ನಮ್ಮ ನಗರ ಬಸ್ಸುಗಳ ನೆಲ ರಸ್ತೆಯಿಂದ 40, 65 ಅಥವಾ 90 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಬಹಳ ವರ್ಷ ಬೆಂಗಳೂರಿನಲ್ಲಿ ತಗ್ಗು ನೆಲದ ಬಸ್ಸೆಂದರೆ ವೋಲ್ವೊ, ಅಂದರೆ ದುಬಾರಿ ಟಿಕೆಟ್ಟಿನ ಬಸ್ಸು. ದುಡ್ಡಿದ್ದವರಿಗೆ ಒಂದೇ ಹೆಜ್ಜೆ, ದುಡ್ಡಿಲ್ಲದ ಮಂಡಿನೋವಿನ ಅಜ್ಜಿಗೆ ಎತ್ತರದ ಮೂರು ಮೆಟ್ಟಿಲು. ಗಾಲಿಕುರ್ಚಿಯವರಂತೂ ಲೆಕ್ಕಕ್ಕೇ ಇಲ್ಲ. 2023ರ ಕೊನೆಯಿಂದ ಬಂದ 921ರ ಕಂತಿನ ಎಲೆಕ್ಟ್ರಿಕ್ ಬಸ್ಸುಗಳು ಹವಾನಿಯಂತ್ರಣವಿಲ್ಲದ, ಸಾಮಾನ್ಯ ದರದ, ಆದರೆ ತಗ್ಗು ನೆಲದ ಬಸ್ಸುಗಳು. ಬ್ಯಾಟರಿಗಿಂತ ದೊಡ್ಡ ಸುದ್ದಿ ನನಗೆ ಇದೇ ಅನ್ನಿಸುತ್ತದೆ.

ಆದರೂ ಬಸ್ಸಿನ ನೆಲ ತಗ್ಗಿದರೆ ಸಾಲದು, ಅದು ನಿಲ್ಲುವ ಫುಟ್‌ಪಾತೂ ಅದಕ್ಕೆ ಹೊಂದಬೇಕು. ಬಸ್ಸು ಅಂಚಿಗೆ ಒತ್ತಿ ನಿಲ್ಲಲು ಆಟೋ, ಕಾರು ಜಾಗ ಬಿಡಬೇಕು. ಫುಟ್‌ಪಾತ್ ಪಾಲಿಕೆಯದು, ಪಾರ್ಕಿಂಗ್ ಪೊಲೀಸರದು, ಬಸ್ಸು ಸಂಸ್ಥೆಯದು. ಮೂವರೂ ತಮ್ಮ ತಮ್ಮ ಪಾಡಿಗೆ ಕೆಲಸ ಮಾಡಿದರೆ ಅಜ್ಜಿ ರಸ್ತೆ ಮಧ್ಯಕ್ಕೆ ಇಳಿದೇ ಬಸ್ ಹತ್ತಬೇಕಾಗುತ್ತದೆ. ಈ ಹರಿದು ಹಂಚಿದ ಅಧಿಕಾರವನ್ನು ಒಂದು ಕಡೆ ತರಲೆಂದೇ 2022ರಲ್ಲಿ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಮಸೂದೆ ವಿಧಾನಮಂಡಲದಲ್ಲಿ ಒಪ್ಪಿಗೆ ಪಡೆಯಿತು. ಪ್ರಾಧಿಕಾರ ತನ್ನ ಯೋಗ್ಯತೆ ತೋರಿಸಬೇಕಾದದ್ದು ದೊಡ್ಡ ಸುರಂಗ ರಸ್ತೆಯ ನಕ್ಷೆಯಲ್ಲಲ್ಲ, ಇಂಥ ಬಸ್ ಸ್ಟಾಪಿನಲ್ಲಿ.

7. ಖಾಕಿ ಅಂಗಿಯವರು

ಸಂಸ್ಥೆಯ ಹೊಣೆಯ ಮಾತಾಡುವಾಗ ಅದರ ಒಳಗಿನವರನ್ನು ಮರೆಯುವುದು ಸುಲಭ. ಬೆಳಗಿನ ನಾಲ್ಕಕ್ಕೆ ಡಿಪೋದಲ್ಲಿ ವೇಬಿಲ್ ಬರೆಸಿಕೊಂಡು ಹೊರಡುವ ಕಂಡಕ್ಟರು ದಿನಕ್ಕೆ ನೂರಾರು ಸಲ ಬಸ್ಸಿನ ಉದ್ದಕ್ಕೂ ನಡೆಯುತ್ತಾರೆ. ಟಿಕೆಟಿನ ಹಿಂದೆ ಚಿಲ್ಲರೆ ಬಾಕಿ ಬರೆದುಕೊಟ್ಟು, ಇಳಿಯುವಾಗ ಆ ಬಾಕಿಗೆ ಜಗಳ ಎದುರಿಸುವ ಕಷ್ಟ ಈಗ ಯುಪಿಐ ಕ್ಯುಆರ್ ಬಂದ ಮೇಲೆ ಕೊಂಚ ಹಗುರಾಗಿದೆ. ಡ್ರೈವರು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಕ್ಲಚ್ಚು ತುಳಿಯುತ್ತಾರೆ. ಟ್ರಾಫಿಕ್ಕಿನಲ್ಲಿ ಒಂದು ಗಂಟೆ ತಡವಾದರೆ ಊಟದ ಬಿಡುವೇ ಕರಗಿಹೋಗುತ್ತದೆ. ಎಷ್ಟೋ ಟರ್ಮಿನಲ್‌ಗಳಲ್ಲಿ ಮಹಿಳಾ ಕಂಡಕ್ಟರಿಗೆ ಯೋಗ್ಯವಾದ ಶೌಚಾಲಯ ಇಲ್ಲ. ನೀರು ಕುಡಿಯದೆ ದಿನ ತಳ್ಳುವ ಮಹಿಳಾ ನೌಕರರಿದ್ದಾರೆ. ಶಕ್ತಿ ಯೋಜನೆಯ ಟಿಕೆಟ್ ಹರಿದು ಕೊಡುವ ಕೈಗಳಲ್ಲಿ ಅವರದ್ದೂ ಇದೆ.

2020ರ ಡಿಸೆಂಬರಿನಲ್ಲಿ, 2021ರ ಏಪ್ರಿಲಿನಲ್ಲಿ, ಮತ್ತೆ 2025ರ ಆಗಸ್ಟ್ 5ರಂದು ಸಾರಿಗೆ ನೌಕರರು ಮುಷ್ಕರ ಹೂಡಿದರು. 2021ರ ಮುಷ್ಕರದ ಬೆನ್ನಿಗೆ ಹಲವರು ಕೆಲಸ ಕಳೆದುಕೊಂಡರು. 2025ರ ಬೇಡಿಕೆಗಳಲ್ಲಿ ಮುಖ್ಯವಾದದ್ದು 38 ತಿಂಗಳ ವೇತನ ಹಿಂಬಾಕಿ. ಜನರಿಗೆ ತೊಂದರೆ ಕೊಟ್ಟು ಹೋರಾಡಬೇಕೇ ಎಂದು ಕೇಳುವುದು ಸರಿಯೇ. ಅದರ ಜೊತೆ ಇನ್ನೊಂದನ್ನೂ ಕೇಳಿ. ಸರ್ಕಾರದ ಯೋಜನೆಯನ್ನು ದಿನವೂ ಜಾರಿಗೆ ತರುವವರ ಬಾಕಿಯನ್ನು ವರ್ಷಗಟ್ಟಲೆ ಉಳಿಸಿಕೊಂಡ ವ್ಯವಸ್ಥೆಗೆ ಹೊಣೆಗಾರಿಕೆಯ ವರದಿ ಬರೆಯುವ ಹಕ್ಕು ಉಂಟೇ?

8. ರಸ್ತೆಯೇ ಬಂಡವಾಳ

ಇಷ್ಟೆಲ್ಲ ಮಾಡಲು ದುಡ್ಡೆಲ್ಲಿ ಎಂದು ನೀವು ಕೇಳಬೇಕು. ದುಡ್ಡಿನ ಮಾತಿಗೆ ಮೊದಲು ಬಸ್ಸಿನ ಲೆಕ್ಕ ನೋಡೋಣ. ಸಾವಿರ ಜನಕ್ಕೆ 0.6 ಬಸ್ಸು ಇರಬೇಕು ಎಂಬುದು ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಸೇವಾಮಟ್ಟದ ಮಾನದಂಡ. 1.3 ಕೋಟಿ ಜನ ಎಂದು ಹಿಡಿದರೆ 7,800 ಬಸ್ಸು. ಬಿಎಂಟಿಸಿಯಲ್ಲಿ ಈಗ ಸುಮಾರು 7,000. ಕೊರತೆ ದೊಡ್ಡದೇನಲ್ಲ ಅನ್ನಿಸಬಹುದು. ಆದರೆ ಪ್ರಯಾಣಿಕರ ಎದುರಿಗೆ ಬಂದು ನಿಲ್ಲುವುದು ಟ್ರಿಪ್ಪು. ಟ್ರಿಪ್ಪನ್ನು ತಿನ್ನುತ್ತಿರುವುದು ಟ್ರಾಫಿಕ್ಕು.

ಒಂದು ಲೆಕ್ಕ ನೋಡಿ. 20 ಕಿಲೋಮೀಟರಿನ ಒಂದು ಮಾರ್ಗ. ಬಸ್ಸು ಗಂಟೆಗೆ 10 ಕಿಲೋಮೀಟರ್ ಹೋದರೆ ಹೋಗಿಬರಲು 4 ಗಂಟೆ. ಹತ್ತು ನಿಮಿಷಕ್ಕೊಂದು ಬಸ್ಸು ಬೇಕೆಂದರೆ ಆ ಮಾರ್ಗಕ್ಕೆ 24 ಬಸ್ಸು ಬೇಕು. ವೇಗ ಗಂಟೆಗೆ 15 ಕಿಲೋಮೀಟರಾದರೆ ಹೋಗಿಬರಲು 2 ಗಂಟೆ 40 ನಿಮಿಷ, ಆಗ 16 ಬಸ್ಸು ಸಾಕು. ಎಂಟು ಬಸ್ಸು, ಎಂಟು ಬಸ್ಸಿನ ಡ್ರೈವರು ಕಂಡಕ್ಟರು ಇನ್ನೊಂದು ಮಾರ್ಗಕ್ಕೆ ಸಿಕ್ಕಿದಂತಾಯಿತು. ಖರ್ಚು ಎಷ್ಟು? ಬಣ್ಣದ ಗೆರೆ, ತಡೆಗಂಬ, ಮತ್ತು ಕಾರಿನವರ ಸಿಟ್ಟು.

ಬೆಂಗಳೂರು ಇದನ್ನು ಒಮ್ಮೆ ಮಾಡಿ ನೋಡಿದೆ. 2019ರ ಅಕ್ಟೋಬರಿನಲ್ಲಿ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್ ಕಡೆಯಿಂದ ಬಸ್ ಆದ್ಯತಾ ಪಥ ಶುರುವಾಯಿತು. ಆಮೇಲೆ ಕೋವಿಡ್ ಬಂತು, ಅದೇ ರಸ್ತೆಯಲ್ಲಿ ಮೆಟ್ರೋ ಕಾಮಗಾರಿ ಬಂತು, ಪಥ ಅಳಿಸಿಹೋಯಿತು. ಮೆಟ್ರೋ ಬರಲಿ, ಬೇಡ ಎನ್ನುವವರಾರು? 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದಾಗ ಬಡವರು ಮರಳಿ ನೋಡಿದ್ದು ಬಸ್ಸಿನ ಕಡೆಗೆ. ಅದರ ಹಿಂದಿನ ತಿಂಗಳು ಬಸ್ ದರವೂ ಶೇಕಡಾ 15 ಏರಿತ್ತು. ಕೇಂದ್ರವೇ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲಿ ರಸ್ತೆಯ ಜಾಗವನ್ನು ವಾಹನಗಳಿಗಲ್ಲ, ಜನಕ್ಕೆ ಹಂಚಬೇಕು ಎಂದು ಬರೆದಿದೆ. ಐವತ್ತು ಜನ ಕೂತ ಬಸ್ಸಿಗೂ ಒಬ್ಬರು ಕೂತ ಕಾರಿಗೂ ಒಂದೇ ಸಾಲಿನಲ್ಲಿ ನಿಲ್ಲುವ ಸಮಾನತೆ ನ್ಯಾಯವಲ್ಲ.

ಇನ್ನು ಹಣ. ಲಂಡನ್ 2003ರಲ್ಲಿ ನಗರದ ನಡುಭಾಗಕ್ಕೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕ ಹಾಕಿತು, ಆ ಹಣವನ್ನು ಸಾರಿಗೆಗೇ ಬಳಸಬೇಕೆಂದು ಅಲ್ಲಿ ಕಾನೂನಿದೆ. ನಾವು ಅಷ್ಟು ದೂರ ಹೋಗದಿದ್ದರೂ ಪಾರ್ಕಿಂಗಿಗೆ ನ್ಯಾಯವಾದ ಬೆಲೆ ಕಟ್ಟಿ ಅದನ್ನು ಬಸ್ಸಿಗೆ ಕೊಡಬಹುದು. ಕೋಟಿಗಟ್ಟಲೆ ಬೆಲೆಯ ಬೆಂಗಳೂರಿನ ನೆಲದಲ್ಲಿ ಕಾರಿಗೆ ಪುಕ್ಕಟೆ ಜಾಗ ಕೊಡುವುದೂ ಒಂದು ಸಬ್ಸಿಡಿಯೇ, ಅದಕ್ಕೆ ಯಾರೂ ಉಚಿತ ಭಾಗ್ಯ ಎಂಬ ಹೆಸರಿಟ್ಟಿಲ್ಲ ಅಷ್ಟೆ. ಶಕ್ತಿಯ ಬಾಬತ್ತನ್ನು ಸರ್ಕಾರ ತಿಂಗಳು ತಿಂಗಳಿಗೆ, ಪೂರ್ತಿಯಾಗಿ ಕೊಡಬೇಕು. ಕೊಡುವ ಮಾತು ಕೊಟ್ಟವರು ತಡ ಮಾಡಿದರೆ ಡೀಸೆಲ್ ಬಾಕಿ, ಭವಿಷ್ಯನಿಧಿ ಬಾಕಿ ಎಲ್ಲ ಬೀಳುವುದು ಡ್ರೈವರ್ ಕಂಡಕ್ಟರ್ ತಲೆಗೆ, ಕೊನೆಗೆ ಸ್ಟಾಪಿನಲ್ಲಿ ನಿಂತವರ ತಲೆಗೆ.

9. ಒಂದು ಕೋರಿಕೆ

ನನ್ನ ಮಾತಿನ ಸಾರವನ್ನು ಒಂದು ಕೋರಿಕೆಯಾಗಿ ಇಡುತ್ತೇನೆ. ಬಿಎಂಟಿಸಿ ಬಸ್ಸುಗಳಲ್ಲಿ ಅವು ಎಲ್ಲಿವೆ ಎಂದು ಹೇಳುವ ಯಂತ್ರವಿದೆ. 2023ರಲ್ಲಿ ಬಂದ ನಮ್ಮ ಬಿಎಂಟಿಸಿ ಆ್ಯಪ್ ನಿಂತಿರುವುದೇ ಅದರ ಮೇಲೆ. ಯಾವ ಸ್ಟಾಪಿಗೆ, ಯಾವ ಹೊತ್ತಿಗೆ, ಎಷ್ಟು ನಿಮಿಷಕ್ಕೊಂದು ಬಸ್ಸು ನಿಜವಾಗಿ ಬಂತು ಎಂಬ ಲೆಕ್ಕ ಸಂಸ್ಥೆಗೆ ಸಿಗುತ್ತದೆ. ಅದನ್ನು ಪ್ರತಿ ತಿಂಗಳು ವಾರ್ಡುವಾರು ಪ್ರಕಟಿಸಲಿ. ಪೀಣ್ಯದ ಕಾರ್ಖಾನೆ ಬಿಡುವ ಹೊತ್ತಿನಲ್ಲಿ ಸರಾಸರಿ ಎಷ್ಟು ಕಾದರು, ವೈಟ್‌ಫೀಲ್ಡಿನಲ್ಲಿ ಎಷ್ಟು ಕಾದರು, ಬೆಳಗಿನ ಐದಕ್ಕೆ ಎಷ್ಟು, ರಾತ್ರಿ ಹತ್ತಕ್ಕೆ ಎಷ್ಟು. ಡಿಪೋ ಮ್ಯಾನೇಜರನ್ನು ಇಪಿಕೆಎಂ ಜೊತೆಗೆ ಈ ಅಂಕಿಯಿಂದಲೂ ಅಳೆಯಲಿ. ವಿಧಾನಸಭೆಯಲ್ಲಿ ಸಾರಿಗೆ ಸಚಿವರನ್ನು ನಷ್ಟವೆಷ್ಟು ಎಂದು ಕೇಳುವಂತೆಯೇ ಕಾಯಿಸಿದ್ದೆಷ್ಟು ಎಂದೂ ಶಾಸಕರು ಕೇಳಲಿ.

ಆ ಅಂಕಿ ಇಳಿದರೆ ಹೊಗೆ ತಾನಾಗಿ ಇಳಿಯುತ್ತದೆ, ಏಕೆಂದರೆ ಜನ ಸ್ಕೂಟರಿನಿಂದ ಇಳಿದು ಬಸ್ಸು ಹತ್ತುತ್ತಾರೆ. ಆ ಅಂಕಿ ಇಳಿದರೆ ನ್ಯಾಯವೂ ಆಗುತ್ತದೆ, ಏಕೆಂದರೆ ಈ ನಗರದಲ್ಲಿ ಹೆಚ್ಚು ಕಾಯುವವರು ಬೇರೆ ದಾರಿಯಿಲ್ಲದವರೇ. ಇಲ್ಲಿ ಕೂತ ವಿದ್ಯಾರ್ಥಿಗಳಲ್ಲಿ ಅಂಕಿಸಂಖ್ಯೆ ಓದುವವರಿದ್ದೀರಿ, ಸಮಾಜಶಾಸ್ತ್ರ ಓದುವವರಿದ್ದೀರಿ. ಸಂಸ್ಥೆ ಪ್ರಕಟಿಸುವವರೆಗೆ ಕಾಯಬೇಡಿ. ನಿಮ್ಮ ಕಾಲೇಜಿನ ಎದುರಿನ ಸ್ಟಾಪಿನಲ್ಲಿ ಒಂದು ವಾರ ಪುಸ್ತಕ ಹಿಡಿದು ನಿಂತು ಬರೆದುಕೊಳ್ಳಿ, ಬಸ್ಸಿನ ನಂಬರು, ಬಂದ ಹೊತ್ತು, ಹತ್ತಲಾಗದೆ ಉಳಿದವರ ಸಂಖ್ಯೆ. ಅದನ್ನು ಕೆ.ಎಚ್. ರಸ್ತೆಯ ಕೇಂದ್ರ ಕಚೇರಿಗೂ ನಿಮ್ಮ ಶಾಸಕರಿಗೂ ಕಳಿಸಿ. ಮುಂದಿನ ವರ್ಷ ಇದೇ ವೇದಿಕೆಯಲ್ಲಿ ಉಪನ್ಯಾಸಕ್ಕೆ ಬದಲು ಆ ವರದಿಯನ್ನೇ ಓದಿದರೆ ದತ್ತಿ ಇಟ್ಟವರ ಆಶಯಕ್ಕೆ ಅದಕ್ಕಿಂತ ದೊಡ್ಡ ಗೌರವ ಬೇರೆ ಇಲ್ಲ.